ಲಾರೆನ್ಸನ ಮರಳಿನಲ್ಲಿ ಮೈಸೂರಿನ ಕುದುರೆಗಳು

ಚಿಕ್ಕಜಾಜೂರು ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಟಿ.ಇ. ಲಾರೆನ್ಸನ 'ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್' ಓದಲು ಶುರುಮಾಡಿದೆ. ಬಿ.ದುರ್ಗದಿಂದ ಎಲ್ಲಿಗೆ ಹೊರಟರೂ ನಮಗೆ ಹತ್ತಿರದ ರೈಲು ಸಿಗುವುದು ಅಲ್ಲೇ. ಗಾಡಿ ತಡವಾಗುವುದು ಅಲ್ಲಿ ಹೊಸದೇನಲ್ಲ. ದಪ್ಪ ಪುಸ್ತಕಗಳನ್ನು ನಾನು ಓದಿ ಮುಗಿಸಿರುವುದೆಲ್ಲ ಹೆಚ್ಚುಕಮ್ಮಿ ಈ ತಡದ ಕೃಪೆಯಿಂದಲೇ. ರೈಲು ಹಳಿಯ ಪಕ್ಕದಲ್ಲಿ ಕೂತು ಹಳಿ ಉಡಾಯಿಸುವವನ ಕಥೆ ಓದುವುದರಲ್ಲಿ ಒಂದು ಬಗೆಯ ಕಳ್ಳಸುಖವಿದೆ. ಮೊದಲ ಓದಿನಲ್ಲಿ ಆ ಸುಖಕ್ಕೆ ಪೂರ್ತಿ ಒಪ್ಪಿಸಿಕೊಂಡಿದ್ದೆ. ಎರಡನೆಯ ಓದಿನಲ್ಲಿ ಒಂದು ಪ್ಯಾರಾ ನನ್ನನ್ನು ತಡೆದು ನಿಲ್ಲಿಸಿತು. ಈ ಬರಹ ಆ ಪ್ಯಾರಾದ ಸುತ್ತಲಿನದು.

ಕಥೆ ಗೊತ್ತಿಲ್ಲದ ಹುಡುಗರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ಆಟೊಮನ್ ಸಾಮ್ರಾಜ್ಯ ಜರ್ಮನಿಯ ಪಕ್ಷ ಸೇರಿತು. ಮೆಕ್ಕಾದ ಷರೀಫ್ ಹುಸೇನನಿಗೆ ಬ್ರಿಟಿಷರು ಪತ್ರ ಬರೆದು, ನೀನು ತುರ್ಕರ ಮೇಲೆ ತಿರುಗಿಬಿದ್ದರೆ ಅರಬರ ಸ್ವಾತಂತ್ರ್ಯವನ್ನು ನಾವು ಎತ್ತಿಹಿಡಿಯುತ್ತೇವೆ ಎಂದರು. 1915ರ ಜುಲೈಯಿಂದ 1916ರ ಮಾರ್ಚ್‌ವರೆಗೆ ನಡೆದ ಪತ್ರವ್ಯವಹಾರ ಅದು. ಆ ಪತ್ರಗಳ ಶಾಯಿ ಆರುವ ಮೊದಲೇ, 1916ರ ಮೇ ತಿಂಗಳಲ್ಲಿ ಸೈಕ್ಸ್ ಮತ್ತು ಪಿಕೊ ಎಂಬ ಇಬ್ಬರು ಅದೇ ನೆಲವನ್ನು ಬ್ರಿಟನ್ ಮತ್ತು ಫ್ರಾನ್ಸ್‌ಗಳ ನಡುವೆ ಗುಟ್ಟಾಗಿ ಪಾಲು ಮಾಡಿ ಮುಗಿಸಿದ್ದರು. ಮರುತಿಂಗಳು, ಜೂನ್‌ನಲ್ಲಿ, ಹುಸೇನನ ದಂಗೆ ಶುರುವಾಯಿತು. ಅಕ್ಟೋಬರಿನಲ್ಲಿ ಕೈರೊದ ಕಚೇರಿಯಿಂದ ಲಾರೆನ್ಸ್ ಎಂಬ 28 ವರ್ಷದ ಅಧಿಕಾರಿ ಹಿಜಾಜಿಗೆ ಬಂದ. ಹುಸೇನನ ಮಗ ಫೈಸಲನನ್ನು ಕಂಡು, ತಾನು ಹುಡುಕುತ್ತಿದ್ದ ನಾಯಕ ಇವನೇ ಎಂದು ತೀರ್ಮಾನಿಸಿದ. 1917ರ ಜುಲೈ 6ರಂದು ಅಕಬಾ ಬಂದರು ಅರಬರ ಕೈಗೆ ಬಂತು. 1918ರ ಅಕ್ಟೋಬರ್ 1ರಂದು ದಮಾಸ್ಕಸ್ ಬಿತ್ತು. ನಾಲ್ಕನೆಯ ತಾರೀಕು ಲಾರೆನ್ಸ್ ಊರು ಬಿಟ್ಟ, ಪುಸ್ತಕವೂ ಅಲ್ಲಿಗೆ ಮುಗಿಯಿತು. ಆಮೇಲೆ ನಡೆದದ್ದು ಪುಸ್ತಕದಲ್ಲಿ ಇಲ್ಲ: 1920ರ ಜುಲೈನಲ್ಲಿ ಫ್ರೆಂಚರು ಫೈಸಲನನ್ನು ದಮಾಸ್ಕಸ್ಸಿನಿಂದ ಓಡಿಸಿದರು, ಮರುವರ್ಷ ಬ್ರಿಟಿಷರು ಅವನನ್ನು ಕರೆತಂದು ಇರಾಕಿನ ಸಿಂಹಾಸನದ ಮೇಲೆ ಕೂರಿಸಿದರು.

ಬರೆದದ್ದು ಹೇಗೆ ಎಂಬುದೂ ಒಂದು ಕಥೆಯೇ. ಮೊದಲ ಹಸ್ತಪ್ರತಿಯನ್ನು 1919ರ ಕೊನೆಯಲ್ಲಿ ರೀಡಿಂಗ್ ರೈಲು ನಿಲ್ದಾಣದಲ್ಲಿ ಕಳೆದುಕೊಂಡು, ನೆನಪಿನಿಂದ ಮತ್ತೆ ಬರೆದ. (ಇದನ್ನು ಓದಿದಾಗ ನಾನು ಬೆಂಚಿನ ಮೇಲಿದ್ದ ನನ್ನ ಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.) 1922ರಲ್ಲಿ ಬರೀ 8 ಪ್ರತಿ ಅಚ್ಚು ಹಾಕಿಸಿದ. 1926ರಲ್ಲಿ ಚಂದಾದಾರರಿಗೆ ಮಾತ್ರ ಒಂದು ದುಬಾರಿ ಆವೃತ್ತಿ ತಂದ. ಸಾಮಾನ್ಯ ಓದುಗನ ಕೈಗೆ ಪೂರ್ತಿ ಪುಸ್ತಕ ಬಂದದ್ದು 1935ರಲ್ಲಿ, ಮೋಟರ್‌ಸೈಕಲ್ ಅಪಘಾತದಲ್ಲಿ ಅವನು ಸತ್ತ ಮೇಲೆ.

ನಮ್ಮ ಕಡೆಯ ಓದುಗನಿಗೆ ಈ ಪುಸ್ತಕದ ಹೆಸರೇ ಒಂದು ಕಚಗುಳಿ. ನಮ್ಮದು ಏಳುಸುತ್ತಿನ ಕೋಟೆ, ಅವನದು ಏಳು ಸ್ತಂಭ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಅವನ ಹೆಸರು ಬೈಬಲಿನ ಜ್ಞಾನೋಕ್ತಿಗಳಿಂದ ಬಂದದ್ದು. ಆದರೆ ಕೋಟೆಯ ನೆರಳಿನಲ್ಲಿ ಬೆಳೆದವರಿಗೆ ಅವನ ಯುದ್ಧತಂತ್ರದ ಅಧ್ಯಾಯ ಬೇರೆಯದೇ ರೀತಿ ತಟ್ಟುತ್ತದೆ. ಜ್ವರ, ಹೊಟ್ಟೆನೋವು ಬಂದು ಗುಡಾರದಲ್ಲಿ ಮಲಗಿದ್ದಾಗ ಅವನಿಗೆ ಹೊಳೆಯುವ ಮಾತು ಇದು. ಮದೀನಾವನ್ನು ಹಿಡಿಯುವುದೇ ಬೇಡ, ತುರ್ಕರು ಅಲ್ಲೇ ಇರಲಿ. ರೈಲು ಕುಂಟುತ್ತ ಓಡುತ್ತಿರಲಿ, ಪೂರ್ತಿ ನಿಲ್ಲುವುದೂ ಬೇಡ. ಅದನ್ನು ಕಾಯುವುದರಲ್ಲೇ ಅವರ ಸೈನ್ಯ ಸವೆಯಲಿ. ದಂಗೆಕೋರನಿಗೆ ಊರಿಲ್ಲ, ಗೋಡೆಯಿಲ್ಲ. ಗಾಳಿಯ ಹಾಗೆ ಇರಬೇಕು. ದುರ್ಗದ ಪಾಳೆಯಗಾರರ ಕಥೆ ಇದರ ತಿರುಗುಮುರುಗು. ಬಂಡೆ, ಬುರುಜು, ಹೊಂಡ, ಕಿಂಡಿ, ಎಲ್ಲ ಇತ್ತು. ಎಲ್ಲ ಇದ್ದದ್ದರಿಂದಲೇ ಹೈದರಾಲಿ ಮತ್ತೆ ಮತ್ತೆ ಬಂದು ಮುತ್ತಿದ, 1779ರಲ್ಲಿ ಗೆದ್ದ. ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿದವರಿಗೆ ಗೋಡೆಯೊಳಗಿನ ಆ ಉಸಿರುಕಟ್ಟು ಗೊತ್ತು. ಅದನ್ನು ಓದಿ ಇದಕ್ಕೆ ಬಂದರೆ ಲಾರೆನ್ಸನ ಗದ್ಯದ ಬಯಲು ಎದೆ ತುಂಬುತ್ತದೆ. ವಾದಿ ರಮ್‌ನ ಕೆಂಪು ಬಂಡೆಗಳ ಓಣಿಯನ್ನು ಅವನು ವರ್ಣಿಸುವ ಪುಟಗಳನ್ನು ನಾನು ಜೋಗಿಮಟ್ಟಿಯ ಕಡೆ ಮುಖ ಮಾಡಿಕೊಂಡೇ ಓದಿದ್ದೇನೆ ಅನ್ನಿಸುತ್ತದೆ. ಬಂಡೆಯನ್ನು ನೋಡಲು ಬಲ್ಲ ಲೇಖಕ ಅವನು.

ಆದರೆ ಮನುಷ್ಯರನ್ನು?

ಸಿನಿಮಾದಿಂದ ಶುರುಮಾಡುವುದು ಸುಲಭ, ಏಕೆಂದರೆ ನಮ್ಮಲ್ಲಿ ಬಹುತೇಕರು ಲಾರೆನ್ಸನನ್ನು ಕಂಡಿರುವುದು ಡೇವಿಡ್ ಲೀನ್‌ನ 1962ರ ಚಿತ್ರದಲ್ಲಿ. ಮೂರೂಮುಕ್ಕಾಲು ಗಂಟೆಯ ಚಿತ್ರದಲ್ಲಿ ಒಬ್ಬ ಹೆಂಗಸಿಗೂ ಒಂದು ಮಾತಿಲ್ಲ. ಫೈಸಲನ ಪಾತ್ರ ಮಾಡಿದ್ದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್. ಅದರಲ್ಲಿ ಮರುಭೂಮಿಯಲ್ಲಿ ಒಂಟೆಯಿಂದ ಜಾರಿ ಹಿಂದುಳಿಯುವ ಗಾಸಿಂ ಎಂಬವನಿದ್ದಾನಲ್ಲ, ಆ ಪಾತ್ರ ನಮ್ಮ ಐ.ಎಸ್. ಜೋಹರ್ ಅವರದು. ಲಾರೆನ್ಸ್ ಒಬ್ಬನೇ ಬೆಂಕಿಯಂಥ ಬಿಸಿಲಿನಲ್ಲಿ ಹಿಂತಿರುಗಿ ಗಾಸಿಮನನ್ನು ಹೊತ್ತುತರುತ್ತಾನೆ. ಆಮೇಲೆ ಕುಲಗಳ ನಡುವೆ ಕೊಲೆಯಾಗಿ, ರಕ್ತಕ್ಕೆ ರಕ್ತ ಎಂದು ದಂಗೆಯೇ ಒಡೆದುಹೋಗುವ ಹೊತ್ತಿನಲ್ಲಿ, ಯಾವ ಕುಲಕ್ಕೂ ಸೇರದ ಲಾರೆನ್ಸ್ ಕೊಲೆಗಾರನನ್ನು ತಾನೇ ಕೊಲ್ಲಲು ಒಪ್ಪುತ್ತಾನೆ. ಮುಖ ಎತ್ತಿದರೆ, ಕೊಲೆಗಾರ ಅದೇ ಗಾಸಿಂ. ತರಗತಿಯಲ್ಲಿ ತೋರಿಸಿದಾಗ ಹುಡುಗರು ಉಸಿರು ಬಿಗಿಹಿಡಿಯುತ್ತಾರೆ.

ಪುಸ್ತಕದಲ್ಲಿ ಹೀಗಿಲ್ಲ. ಅಲ್ಲಿ ಲಾರೆನ್ಸ್ ಕೊಲ್ಲುವುದು ಹಮೀದ್ ಎಂಬ ಮೊರಾಕೊ ಕಡೆಯವನನ್ನು, ಗಾಸಿಮನನ್ನು ಕಾಪಾಡುವುದಕ್ಕೂ ತಿಂಗಳುಗಳ ಮೊದಲು. ಗಾಸಿಂ ಬೇರೆಯೇ ಮನುಷ್ಯ, ಯಾರಿಗೂ ಬೇಡವಾದ ಗೊಣಗುಮಾರಿ. ಅವನನ್ನು ಹುಡುಕಲು ತಿರುಗಿ ಹೋಗುವಾಗ ಲಾರೆನ್ಸನಿಗೆ ಬೇಸರವೇ ಹೆಚ್ಚು. ತನ್ನ ಮಾನಕ್ಕಾಗಿ ಹೋಗುತ್ತಾನೆ. ಹಮೀದನನ್ನು ಕೊಲ್ಲುವಾಗ ಕೈ ನಡುಗಿ ಗುಂಡು ಸರಿಯಾಗಿ ತಗಲುವುದಿಲ್ಲ, ಮತ್ತೆ ಮತ್ತೆ ಹೊಡೆಯಬೇಕಾಗುತ್ತದೆ. ಎರಡು ಸಾವು-ಬದುಕುಗಳನ್ನು ಗಂಟುಹಾಕಿ ಸಿನಿಮಾ ವಿಧಿಯ ಆಟ ಮಾಡಿತು. ಪುಸ್ತಕದಲ್ಲಿ ವಿಧಿ ಇಲ್ಲ. ಜ್ವರ ಬಂದ ಒಬ್ಬ ಮನುಷ್ಯ, ಕಿರಿದಾದ ಕಣಿವೆ, ಮಣ್ಣಿನಲ್ಲಿ ಹೊರಳಾಡುವ ಇನ್ನೊಬ್ಬ ಮನುಷ್ಯ. ನನ್ನ ಮಟ್ಟಿಗೆ ಪುಸ್ತಕವೇ ಮೇಲು. ಲಾರೆನ್ಸನ ಶಕ್ತಿ ಇರುವುದು ತನ್ನನ್ನು ತಾನು ಚಂದ ಕಾಣಿಸದೆ ಬಿಡುವ ಇಂಥ ಕಡೆಗಳಲ್ಲಿ.

ಇದೇ ಶಕ್ತಿ ಪುಸ್ತಕದ ದೊಡ್ಡ ಸಮಸ್ಯೆ ಕೂಡ. ಪುಸ್ತಕದ ನಡುವಿಗೊಂದು ಸುಳ್ಳಿದೆ. ಅರಬರಿಗೆ ಕೊಟ್ಟ ಮಾತು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಅವರನ್ನು ಮುಂದಕ್ಕೆ ಹೊರಡಿಸಿದ. ಇದನ್ನು ಅವನು ಮುಚ್ಚಿಡುವುದಿಲ್ಲ, ನಾಚಿಕೆಯಾಯಿತು ಎಂದು ಬರೆಯುತ್ತಾನೆ. ಈ ವಿಷಯವನ್ನು ನೇರವಾಗಿ ಹೇಳುವ ಮೊದಲ ಅಧ್ಯಾಯವನ್ನು ಬರ್ನಾರ್ಡ್ ಷಾನ ಸಲಹೆಯಂತೆ 1926ರಲ್ಲಿ ಕೈಬಿಡಲಾಯಿತು, ಲಾರೆನ್ಸ್ ಸತ್ತ ಮೇಲೆ ಅದು ಬೆಳಕು ಕಂಡಿತು. ಆದರೆ ಉಳಿದ ಪುಟಗಳಲ್ಲೂ ಆ ತಪ್ಪೊಪ್ಪಿಗೆ ಒಳಗೊಳಗೆ ಹರಿಯುತ್ತಲೇ ಇದೆ. ನಾನು ಮೊದಲ ಓದಿನಲ್ಲಿ ಇದನ್ನು ಪ್ರಾಮಾಣಿಕತೆ ಎಂದುಕೊಂಡೆ. ಈಗಲೂ ಅದು ಪ್ರಾಮಾಣಿಕತೆಯಲ್ಲ ಎನ್ನಲಾರೆ. ಆದರೆ ಗಮನಿಸಿ ನೋಡಿ: ಮೋಸ ಹೋದವರು ಫೈಸಲನ ಒಂಟೆ ಸವಾರರು, ನೊಂದವನಾಗಿ ಪುಟ ತುಂಬುವವನು ಲಾರೆನ್ಸ್. ದಂಗೆ ಅವನ ಆತ್ಮದ ಅಂಗಳದಲ್ಲಿ ನಡೆಯುತ್ತದೆ. ಔದಾ ಅಬು ತಾಯಿಯಂಥ ಮುದುಕ ಹುಲಿ ಕೂಡ, ಎಷ್ಟೇ ಜೀವಂತವಾಗಿ ಬಂದರೂ, ಕೊನೆಗೆ ಲಾರೆನ್ಸನ ಮನಸ್ಥಿತಿಗೆ ಹಿನ್ನೆಲೆಯ ಗುಡ್ಡವಾಗುತ್ತಾನೆ. ಪಾಪಪ್ರಜ್ಞೆಗೂ ಒಬ್ಬ ನಾಯಕ ಬೇಕು, ಆ ಪಾತ್ರವನ್ನೂ ಅವನೇ ತೆಗೆದುಕೊಂಡ.

ಜೋರ್ಡನಿನ ಇತಿಹಾಸಕಾರ ಸುಲೈಮಾನ್ ಮೂಸಾ 1962ರಲ್ಲಿ, ಲೀನ್‌ನ ಸಿನಿಮಾ ಬಂದ ವರ್ಷವೇ, ಅರಬ್ಬಿಯಲ್ಲಿ ಒಂದು ಪುಸ್ತಕ ಬರೆದು ಅರಬರ ಕಡೆಯಿಂದ ಲೆಕ್ಕ ಕೇಳಿದ. ನಾಲ್ಕು ವರ್ಷದ ಮೇಲೆ ಅದು ಇಂಗ್ಲಿಷಿಗೂ ಬಂತು. ಅದಕ್ಕೂ ಬಹಳ ಮೊದಲು, 1938ರಲ್ಲಿ, ಜಾರ್ಜ್ ಆಂಟೋನಿಯಸ್‌ನ 'ದಿ ಅರಬ್ ಅವೇಕನಿಂಗ್' ಬಂದಿತ್ತು. ಅದರಲ್ಲಿ ದಂಗೆಗೆ ಲಾರೆನ್ಸನಿಗಿಂತ ಹಳೆಯ ಬೇರುಗಳಿವೆ: ಪತ್ರಿಕೆಗಳು, ಗುಪ್ತ ಸಂಘಗಳು, ಗಲ್ಲಿಗೇರಿದ ಯುವಕರು. ಸೆವೆನ್ ಪಿಲ್ಲರ್ಸ್ ಓದುವ ವಿದ್ಯಾರ್ಥಿಗಳು ಇವೆರಡರಲ್ಲಿ ಒಂದನ್ನಾದರೂ ಪಕ್ಕದಲ್ಲಿಟ್ಟುಕೊಳ್ಳಲಿ.

ಈಗ ಆ ಪ್ಯಾರಾಕ್ಕೆ ಬರುತ್ತೇನೆ.

ಪುಸ್ತಕದ ಕೊನೆಯ ಭಾಗ. ದಮಾಸ್ಕಸ್ಸಿನ ದಾರಿಯಲ್ಲಿ ಲಾರೆನ್ಸನ ಅರಬ್ ಅಂಗರಕ್ಷಕರೂ ಬ್ರಿಟಿಷ್ ಸೇನೆಯ ಭಾರತೀಯ ಪಡೆಯೂ ಒಟ್ಟಾಗುತ್ತವೆ. ಆಗ ಅವನು ಭಾರತೀಯ ಸಿಪಾಯಿಗಳ ಬಗ್ಗೆ ನಾಲ್ಕು ಮಾತು ಬರೆಯುತ್ತಾನೆ. ಅದರ ಸಾರ ಇಷ್ಟು: ಇವರಲ್ಲಿ ಏನೋ ಕುಗ್ಗಿದ್ದು ಕಾಣುತ್ತದೆ, ತಮ್ಮನ್ನು ತಾವೇ ಸಣ್ಣವರೆಂದು ಬಗೆದವರಂತಿದ್ದಾರೆ, ವಿಧೇಯತೆಯನ್ನು ಜೋಪಾನ ಮಾಡಿಕೊಂಡಿದ್ದಾರೆ, ಬೆದೂಯಿನರ ಒರಟು ಆರೋಗ್ಯ ಇವರಲ್ಲಿಲ್ಲ.

ಮೊದಲ ಸಲ ನಾನು ಇದನ್ನು ದಾಟಿ ಹೋಗಿದ್ದೆ. ಓದಿಯೇ ಇರಲಿಲ್ಲವೇನೋ ಅನ್ನುವಷ್ಟು ಸಲೀಸಾಗಿ. ಲಾರೆನ್ಸನ ಒಂಟೆಯ ಬೆನ್ನ ಮೇಲೆ ಅವನ ಹಿಂದೆಯೇ ನಾನೂ ಕೂತಿದ್ದೆನಲ್ಲ, ಕೆಳಗೆ ನಿಂತವರು ಯಾರೆಂದು ನೋಡಲಿಲ್ಲ. ಇದು ನನಗೆ ಇಂದಿಗೂ ಮುಜುಗರ ತರುವ ಸಂಗತಿ. ಎರಡನೆಯ ಸಲ ಆ ಪುಟ ಸಿಕ್ಕಿದ್ದು ತರಗತಿಗೆ ಟಿಪ್ಪಣಿ ಮಾಡುವಾಗ. ಜೋರಾಗಿ ಓದಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಇದು ನಮ್ ಬಗ್ಗೆ ಅಲ್ವಾ?" ಎಂದಳು. ಹೌದಮ್ಮ ಎಂದೆ. ಮುಂದೇನು ಹೇಳಬೇಕೋ ತೋಚಲಿಲ್ಲ.

ನ್ಯಾಯ ಹೇಳಬೇಕೆಂದರೆ ಆ ಪ್ಯಾರಾ ಅಲ್ಲಿಗೆ ಮುಗಿಯುವುದಿಲ್ಲ. ಮರುವಾಕ್ಯದಲ್ಲೇ ಅವನು, ಬ್ರಿಟಿಷ್ ಅಧಿಕಾರಿಗಳು ತಮ್ಮ ಭಾರತೀಯ ಸಿಪಾಯಿಗಳನ್ನು ನಡೆಸಿಕೊಳ್ಳುವ ರೀತಿ ಕಂಡು ತನ್ನ ಅರಬ್ ಅಂಗರಕ್ಷಕರು ದಿಗಿಲುಬಿದ್ದರು ಎನ್ನುತ್ತಾನೆ; ಮನುಷ್ಯ ಮನುಷ್ಯನ ನಡುವೆ ಅಂಥ ಮೇಲುಕೀಳನ್ನು ಅವರು ಕಂಡಿರಲಿಲ್ಲವಂತೆ. ಅಂದರೆ ಕುಗ್ಗಿಸಿದ್ದು ಏನು ಎಂಬುದು ಅವನ ಕಣ್ಣೆದುರಿಗೇ ಇದೆ. ರೋಗವನ್ನೂ ಅದರ ಕಾರಣವನ್ನೂ ಒಂದರ ಪಕ್ಕ ಒಂದು ಇಟ್ಟು, ಎರಡಕ್ಕೂ ಸಂಬಂಧ ಹೇಳದೆ ಮುಂದೆ ಸಾಗುತ್ತಾನೆ. ತಾನೂ ಅದೇ ಸೇನೆಯ ಸಮವಸ್ತ್ರದ ಅಧಿಕಾರಿ ಎಂಬುದನ್ನು ಅರಬರ ನಿಲುವಂಗಿ ಆ ಕ್ಷಣಕ್ಕೆ ಮರೆಸಿರಬೇಕು. ಇಡೀ ಪುಸ್ತಕದ ಕಣ್ಣು ಮತ್ತು ಕುರುಡು ಎರಡೂ ಈ ನಾಲ್ಕು ಸಾಲಿನಲ್ಲಿವೆ ಎಂದು ನನ್ನ ತಿಳಿವು.

ಇನ್ನೊಂದು ಕಡೆ ಭಾರತೀಯರು ಸಿಗುತ್ತಾರೆ. 1917ರ ನವೆಂಬರಿನಲ್ಲಿ ಯರ್ಮೂಕ್ ಕಣಿವೆಯ ರೈಲು ಸೇತುವೆಯನ್ನು ಉಡಾಯಿಸಲು ಹೊರಟ ತಂಡದಲ್ಲಿ ಜಮಾದಾರ್ ಹಸನ್ ಷಾ ಮತ್ತು ಅವನ ಮಷೀನ್‌ಗನ್ ಸಿಪಾಯಿಗಳಿದ್ದರು. ಒಂಟೆ ಸವಾರಿ ಅಭ್ಯಾಸವಿಲ್ಲದ ಅವರಿಂದ ಪಯಣ ನಿಧಾನವಾಯಿತು ಎಂಬ ಗೊಣಗು ಇದೆ. ಕತ್ತಲಲ್ಲಿ ಎಲ್ಲರೂ ಸೇತುವೆಯ ಹತ್ತಿರ ಸರಿದಿರುವಾಗ ಯಾರದೋ ಕೈಯಿಂದ ಬಂದೂಕು ಜಾರಿ ಬಂಡೆಗೆ ಬಡಿದು ಸದ್ದಾಗುತ್ತದೆ. ಕಾವಲುಗಾರ ಕೂಗುತ್ತಾನೆ, ಗುಂಡು ಹಾರುತ್ತದೆ, ಸ್ಫೋಟಕ ಹೊತ್ತವರು ಮೂಟೆಗಳನ್ನು ಕಣಿವೆಗೆ ಎಸೆದು ಓಡುತ್ತಾರೆ. ಸೇತುವೆ ಉಳಿಯಿತು. ಓದಲು ಎಷ್ಟು ಚೆನ್ನಾಗಿದೆಯೆಂದರೆ ಹಸನ್ ಷಾ ಏನು ಮಾಡಿದ, ಏನು ಹೇಳಿದ ಎಂದು ಕೇಳುವುದೇ ಮರೆತುಹೋಗುತ್ತದೆ.

ರೈಲಿನ ವಿಷಯದಲ್ಲಿ ಇನ್ನೊಂದು ಮಾತು. ಲಾರೆನ್ಸ್ ಉಡಾಯಿಸುತ್ತಿದ್ದ ಹಿಜಾಜ್ ರೈಲು, ದಮಾಸ್ಕಸ್ಸಿನಿಂದ ಮದೀನಾಕ್ಕೆ ಸುಮಾರು 1300 ಕಿಲೋಮೀಟರು, ಹಾಜಿಗಳ ಹಾದಿ. 1908ರಲ್ಲಿ ಮದೀನಾ ಮುಟ್ಟಿದ ಆ ಹಳಿಗೆ ಲೋಕದ ಮುಸಲ್ಮಾನರೆಲ್ಲ ಚಂದಾ ಎತ್ತಿ ಕೊಟ್ಟಿದ್ದರು, ಭಾರತದವರೂ ಕೊಟ್ಟಿದ್ದರು. ಹಳಿಯ ಅಗಲ 1050 ಮಿಲಿಮೀಟರ್; ನಮ್ಮ ಚಿಕ್ಕಜಾಜೂರಿನ ಹಳೆಯ ಮೀಟರ್‌ಗೇಜಿಗಿಂತ ಬರೀ ಎರಡು ಬೆರಳು ಹೆಚ್ಚು. ಪುಸ್ತಕದಲ್ಲಿ ಅದು ತುರ್ಕರ ಸೈನ್ಯದ ರೈಲು ಮಾತ್ರ. ಹಳಿ ಮೇಲೆದ್ದು ಹೂವಿನ ಹಾಗೆ ಬಾಗುವ ವರ್ಣನೆಯನ್ನು ಅನುಭವಿಸುವಾಗ, ಆ ಕಬ್ಬಿಣದಲ್ಲಿ ಯಾವುದೋ ಭಾರತದ ಊರಿನ ಮಸೀದಿ ಮುಂದೆ ಕೂಡಿದ ಪೈಸೆಯೂ ಇದ್ದಿರಬಹುದು ಎಂಬುದು ನೆನಪಿರಲಿ. ಭಾರತ ಸರ್ಕಾರದ ಬ್ರಿಟಿಷ್ ಅಧಿಕಾರಿಗಳೇ ಈ ದಂಗೆಗೆ ಅಡ್ಡಗಾಲು ಹಾಕಿದ್ದರು. ಖಲೀಫನ ಮೇಲೆ ಮೆಕ್ಕಾದ ಷರೀಫನನ್ನು ಎತ್ತಿಕಟ್ಟಿದರೆ ಇಲ್ಲಿನ ಮುಸಲ್ಮಾನರು ಏನೆಂದಾರು ಎಂಬ ಅಂಜಿಕೆ ಅವರಿಗೆ. ಯುದ್ಧ ಮುಗಿದ ಮೇಲೆ ಎದ್ದ ಖಿಲಾಫತ್ ಚಳವಳಿ ಆ ಅಂಜಿಕೆ ಸುಳ್ಳಲ್ಲ ಎಂದು ತೋರಿಸಿತು.

ಹಾಗಾದರೆ ನಮ್ಮವರು ಎಲ್ಲಿದ್ದರು? ನಮ್ಮವರು ಎಂದರೆ ಸೀದಾ ನಮ್ಮವರೇ: ಚಿತ್ರದುರ್ಗ ಜಿಲ್ಲೆ ಆಗ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1914ರಲ್ಲಿ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಹಣದ ಜೊತೆ ಕುದುರೆ ಪಡೆಯೂ ಹೋಯಿತು. ಮೈಸೂರು, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್‌ಗಳು ಒಂದು ಬ್ರಿಗೇಡಿನಲ್ಲಿ ಈಜಿಪ್ಟಿನಲ್ಲಿ ಇಳಿದರು, ಜೋಧಪುರದವರು ಆ ಬ್ರಿಗೇಡನ್ನು ಸೇರಿದ್ದು ಆಮೇಲೆ. ಮೊದಲು ಸೂಯೆಜ್ ಕಾಲುವೆ ಕಾದರು, ಆಮೇಲೆ ಸಿನಾಯ್, ಆಮೇಲೆ ಪ್ಯಾಲೆಸ್ತೀನ್. ಲಾರೆನ್ಸ್ ಮರುಭೂಮಿಗೆ ಕಾಲಿಡುವ ಹೊತ್ತಿಗೆ ಮೈಸೂರಿನ ಸವಾರರಿಗೆ ಅಲ್ಲಿನ ಮರಳು ಎರಡು ವರ್ಷದ ಪರಿಚಯ.

1918ರ ಸೆಪ್ಟೆಂಬರ್ 23ರಂದು ಹೈಫಾ. ಜೋಧಪುರದವರು ಬಯಲಿನಲ್ಲಿ ಈಟಿ ಹಿಡಿದು ಊರಿಗೇ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲಿ ಸತ್ತ. ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳು. ಕಡಿದಾದ ಕಲ್ಲುದಾರಿಯಲ್ಲಿ ಹತ್ತಿ ಮೇಲಿನಿಂದ ಎರಗಿದರು. (ಕೋಟೆ ಹತ್ತಿ ಅಭ್ಯಾಸವಿದ್ದ ಸೀಮೆಯವರು ಎಂದು ಬರೆಯುವ ಆಸೆಯಾಗುತ್ತದೆ, ತಡೆದುಕೊಳ್ಳುತ್ತೇನೆ.) ಸುಮಾರು 1350 ಜನ ಸೆರೆಸಿಕ್ಕರು, 17 ಫಿರಂಗಿಗಳು ಕೈಸೇರಿದವು. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಕುದುರೆಗಳ ಲೆಕ್ಕ ಇಟ್ಟಿದ್ದಾರಲ್ಲ ಎಂಬುದು ನನಗೆ ಆ ದಾಖಲೆಯಲ್ಲಿ ಹಿಡಿಸಿದ ಸಂಗತಿ. ಅದೇ ಸೆಪ್ಟೆಂಬರಿನಲ್ಲಿ ಲಾರೆನ್ಸ್ ಪೂರ್ವಕ್ಕೆ, ದೇರಾ ಸುತ್ತಮುತ್ತ ಹಳಿ ಕೀಳಿಸುತ್ತಿದ್ದ. ಒಂದೇ ಯುದ್ಧ, ಒಂದೇ ತಿಂಗಳು, ಒಂದೇ ಸೇನಾಪತಿ ಅಲೆನ್ಬಿಯ ಯೋಜನೆ.

ಪುಸ್ತಕ ಅಕ್ಟೋಬರ್ 4ಕ್ಕೆ ಮುಗಿಯಿತು ಎಂದೆನಲ್ಲ. ನಮ್ಮವರ ಯುದ್ಧ ಮುಗಿದಿರಲಿಲ್ಲ. ದಮಾಸ್ಕಸ್ಸಿನಿಂದ ಉತ್ತರಕ್ಕೆ, ಅಲೆಪ್ಪೊದವರೆಗೆ ಅವರು ಹೋದರು. ಷರೀಫನ ಅರಬ್ ಪಡೆಗಳೂ ಅದೇ ದಾರಿಯಲ್ಲಿದ್ದವು. 25ರ ರಾತ್ರಿ ಅರಬರು ಅಲೆಪ್ಪೊ ಹೊಕ್ಕರು. 26ರಂದು ಊರಾಚೆ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಹಿಂದೆಗೆಯುತ್ತಿದ್ದ ತುರ್ಕರ ಮೇಲೆ ಬಿದ್ದರು. ಎದುರಿಗೆ ಇದ್ದದ್ದು ಅಂದುಕೊಂಡದ್ದಕ್ಕಿಂತ ದೊಡ್ಡ ಪಡೆ, ಅದರ ನಾಯಕ ಮುಸ್ತಫಾ ಕೆಮಾಲ್; ಮುಂದೆ ಅತಾತುರ್ಕ್ ಆದವನು. ಹೈಫಾಕ್ಕಿಂತ ಹೆಚ್ಚು ಜನ ಅಲ್ಲಿ ಸತ್ತರು. ನಾಲ್ಕು ದಿನ ಕಳೆದು ಯುದ್ಧವಿರಾಮಕ್ಕೆ ಸಹಿ ಬಿತ್ತು. ಅರಬ್ ದಂಗೆಯ ಕಥೆಯೂ ಮೈಸೂರಿನ ಕಥೆಯೂ ನಿಜವಾಗಿ ಒಂದೇ ಧೂಳಿನಲ್ಲಿ ನಡೆದ ಜಾಗ ಅಲೆಪ್ಪೊ. ಪುಸ್ತಕ ಅಲ್ಲಿಗೆ ಹೋಗುವುದೇ ಇಲ್ಲ.

ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನದ ಸವಾರರವು ಎಂದು ಹುಡುಗರಿಗೆ ಹೇಳಿದರೆ ಬೆರಗಾಗುತ್ತಾರೆ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್‌ಗಳ ಒಂದು ಸ್ಮಾರಕಸ್ತಂಭವಿದೆ. ನೋಡಲು ಹೋದ ದಿನ ಎರಡು ಸಲ ದಾರಿ ತಪ್ಪಿದೆ. ಇತ್ತೀಚೆಗೆ ಹೈಫಾದ ವೀರರು ಎಂಬ ಮಾತು ಭಾಷಣಗಳಲ್ಲಿ ಜೋರಾಗಿ ಕೇಳಿಬರುತ್ತಿದೆ. ಲಾರೆನ್ಸನ ಕುಗ್ಗಿದ ಸಿಪಾಯಿಗೆ ಉತ್ತರವಾಗಿ ಈ ವೀರರನ್ನು ನಿಲ್ಲಿಸಿಬಿಡುವುದು ಸುಲಭ. ಆ ಹುಡುಗಿಗೆ ಉತ್ತರವಾಗಿ ನಾನೂ ಮೊದಲು ಅದನ್ನೇ ಮಾಡಿದೆ, ಮರುದಿನ ಹೈಫಾದ ಕಥೆ ಹೇಳಿದೆ. ಅವಳು ಕೇಳಿ, "ಸರಿ ಸರ್, ಆದ್ರೆ ಅವ್ರು ಯಾರ್ ಪರವಾಗಿ ಹೋದ್ರು?" ಎಂದಳು.

ಅವಳ ಪ್ರಶ್ನೆ ನನ್ನ ಉತ್ತರಕ್ಕಿಂತ ಗಟ್ಟಿಯದು. ಮೈಸೂರಿನ ಸವಾರ ಅರಬರನ್ನು ತುರ್ಕರಿಂದ ಬಿಡಿಸಲು ಹೋದನೆ? ಅವನಿಗೆ ಯಾರೂ ಹಾಗೆಂದು ಹೇಳಿರಲಿಕ್ಕಿಲ್ಲ. ತನ್ನ ದೊರೆ ಕಳಿಸಿದ, ದೊರೆಯ ಮೇಲಿನ ದೊರೆ ಬೇಡಿದ. ಅವರಲ್ಲಿ ಮುಸಲ್ಮಾನ ಸವಾರರೂ ಇದ್ದರು. ಖಲೀಫನ ಸೈನ್ಯದ ಮೇಲೆ ಈಟಿ ಎತ್ತುವಾಗ ಅವರ ಎದೆಯಲ್ಲಿ ಏನು ನಡೆದಿರಬಹುದು? ಯುದ್ಧ ಮುಗಿದ ಮರುವರ್ಷವೇ, 1919ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್ ನಡೆಯಿತು. 1920ರಲ್ಲಿ ಇರಾಕಿನ ಅರಬರು ಈ ಬಾರಿ ಬ್ರಿಟಿಷರ ಮೇಲೆ ದಂಗೆ ಎದ್ದಾಗ ಅವರನ್ನು ಬಗ್ಗುಬಡಿಯಲು ಹೋದದ್ದು ಹೆಚ್ಚಾಗಿ ಭಾರತೀಯ ಸಿಪಾಯಿಗಳೇ. ಆಗ ಲಾರೆನ್ಸ್ ಲಂಡನ್ನಿನ ಪತ್ರಿಕೆಯಲ್ಲಿ ತನ್ನ ಸರ್ಕಾರವನ್ನು ಖಾರವಾಗಿ ಟೀಕಿಸಿ ಬರೆದ. ಅದು ಅವನ ದೊಡ್ಡತನ ಎಂದೇ ಒಪ್ಪುತ್ತೇನೆ. ಸಿಪಾಯಿಗೆ ಆ ಸವಲತ್ತು ಇರಲಿಲ್ಲ.

ಇಲ್ಲಿ ನನಗೆ ಹಲಗಲಿ ನೆನಪಾಗುತ್ತದೆ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಿ ಎಂದ ಕಂಪನಿ ಸರ್ಕಾರದ ಮೇಲೆ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. ಊರು ಸುಟ್ಟುಹೋಯಿತು. ಆ ಕಥೆ ಉಳಿದದ್ದು ಲಾವಣಿಯಲ್ಲಿ, ಆ ಲಾವಣಿಯನ್ನು ಬರೆದುಕೊಂಡು ಅಚ್ಚಿಗೆ ಕೊಟ್ಟವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಅಧಿಕಾರಿ. ಫ್ಲೀಟ್ ಪುಣ್ಯಾತ್ಮನೇನಲ್ಲ, ಅದೇ ಸರ್ಕಾರದ ನೌಕರ. ಆದರೆ ಅವನು ದಂಗೆಯನ್ನು ದಂಗೆಯವರ ನಾಲಿಗೆಯಲ್ಲೇ ಬಿಟ್ಟ. ಹಾಡಿದವನ ಕನ್ನಡ, ಹಾಡಿದವನ ಸಿಟ್ಟು ಹಾಗೇ ಉಳಿಯಿತು. ಲಾರೆನ್ಸ್ ಬಹುದೊಡ್ಡ ಲೇಖಕ, ಫ್ಲೀಟ್ ಲೇಖಕನೇ ಅಲ್ಲ. ದಂಗೆಕೋರರ ದನಿ ಕೇಳಬೇಕೆಂದಾಗ ಮಾತ್ರ ನಾನು ಹಲಗಲಿಯ ಲಾವಣಿಯ ಬಾಗಿಲಿಗೆ ಹೋಗುತ್ತೇನೆ. ಫೈಸಲನ ಸೇನೆಯಲ್ಲೂ ಸಂಜೆ ಕಾಫಿ ಕಾಯಿಸುತ್ತ ಹಾಡು ಕಟ್ಟಿ ಹಾಡುವವರಿದ್ದರು, ಲಾರೆನ್ಸನೇ ಹೇಳುತ್ತಾನೆ. ಅವರ ಪದ್ಯಗಳು ಅವನ ಇಂಗ್ಲಿಷಿನಲ್ಲಿ ಬರೀ ಹಿನ್ನೆಲೆಯ ಸದ್ದು. ಅರಬ್ ಹೆಸರುಗಳನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದೀರಲ್ಲ ಎಂದು ಕರಡು ತಿದ್ದುವವರು ಕೇಳಿದಾಗ ಅವನು ತಮಾಷೆಯ ಉತ್ತರ ಕೊಟ್ಟು ಹಾಗೇ ಬಿಟ್ಟ. ಆ ಉತ್ತರಗಳು ಪುಸ್ತಕದ ಮುಂದೆಯೇ ಅಚ್ಚಾಗಿವೆ, ಎಲ್ಲರೂ ನಗುತ್ತಾರೆ, ನಾನೂ ನಕ್ಕಿದ್ದೆ. ನಮ್ಮೂರಿನ ಹೆಸರನ್ನು ಯಾರಾದರೂ ಹತ್ತು ರೀತಿ ಬರೆದು ನಕ್ಕರೆ ಹೇಗನ್ನಿಸೀತು ಎಂದು ಆಮೇಲೆ ಯೋಚನೆ ಬಂತು.

ಲಾರೆನ್ಸ್ ಭಾರತಕ್ಕೂ ಬಂದಿದ್ದ. ಹೆಸರು ಬದಲಿಸಿಕೊಂಡು, ವಾಯುಸೇನೆಯ ಸಾಧಾರಣ ನೌಕರನಾಗಿ, 1927ರಿಂದ 1929ರ ಜನವರಿವರೆಗೆ ಕರಾಚಿಯಲ್ಲೂ ಮೀರಾನ್‌ಷಾದಲ್ಲೂ ಇದ್ದ. ಶಿಬಿರದ ಬೇಲಿ ದಾಟಿದ್ದು ಕಡಿಮೆ. ಹೋಮರನ ಒಡಿಸ್ಸಿಯನ್ನು ಅಲ್ಲಿ ಕೂತು ಅನುವಾದಿಸುತ್ತಿದ್ದ. ಅರಬ್ಬಿಗಾಗಿ ಅಷ್ಟು ಹಸಿದಿದ್ದ ಕಿವಿ ಇಲ್ಲಿ ಯಾವ ಭಾಷೆಗೂ ತೆರೆಯಲಿಲ್ಲ. ದಣಿದಿದ್ದ, ತನ್ನಿಂದ ತಾನೇ ಅಡಗಿಕೊಂಡಿದ್ದ, ಇರಬಹುದು. ಆದರೂ ಆ ಪ್ಯಾರಾ ಓದಿದ ಮೇಲೆ ಈ ಬೇಲಿ ನನಗೆ ಬರೀ ಕಾಕತಾಳೀಯ ಎನ್ನಿಸುವುದಿಲ್ಲ.

ಇಷ್ಟೆಲ್ಲ ಹೇಳಿ, ಪುಸ್ತಕ ಓದಬೇಡಿ ಎನ್ನುತ್ತೇನೆಯೇ? ಇಲ್ಲ. ತಫಾಸ್ ಹಳ್ಳಿಯ ಅಧ್ಯಾಯವನ್ನು ಓದಿ: ತುರ್ಕರು ಕಡಿದುಹಾಕಿದ ಊರನ್ನು ಕಂಡು, ಸೆರೆಯಾಳುಗಳನ್ನು ಉಳಿಸಬೇಡಿ ಎಂದು ತಾನೇ ಆಜ್ಞೆ ಕೊಟ್ಟದ್ದನ್ನು ಅವನು ಬರೆದಿರುವ ರೀತಿ ಓದಿ. ಯುದ್ಧದ ಬಗ್ಗೆ ಬರೆಯುವ ಎಷ್ಟು ಜನ ಗೆದ್ದವರು ಹೀಗೆ ಬರೆದಾರು? ಹಾಗೆ ಬರೆಯಬಲ್ಲವನು ನಮ್ಮ ಸಿಪಾಯಿಯ ಎದುರಿಗೆ ಬಂದಾಗ ಮಾತ್ರ ಕಣ್ಣು ಅರ್ಧ ಮುಚ್ಚಿದ ಎಂಬುದು ನನ್ನ ದೂರು. ದೂರು ಹೇಳಿದ್ದು ಅವನು ಸಣ್ಣ ಲೇಖಕನಲ್ಲ ಎಂಬ ಕಾರಣಕ್ಕೇ.

ಓದಲು ಶುರುಮಾಡುವವರು ಮೊದಲ ಪುಟದಿಂದ ಹೊರಟರೆ ಅರ್ಧ ದಾರಿಯಲ್ಲಿ ಕೈಚೆಲ್ಲುವುದು ಖಂಡಿತ. ಅಕಬಾದ ಪಯಣದಿಂದ ಆರಂಭಿಸಿ, ಯರ್ಮೂಕ್ ಸೇತುವೆ ಓದಿ, ಆಮೇಲೆ ಹಿಂದಕ್ಕೆ ಹೋಗಿ. ನನ್ನ ಪ್ರತಿ ಈಗ ಆ ಹುಡುಗಿಯ ಬಳಿ ಇದೆ. ಹೋದ ವಾರ ಹೊಳಲ್ಕೆರೆ ಬಸ್ಸಿನಲ್ಲಿ ಸಿಕ್ಕಿದ್ದಳು, ಪುಸ್ತಕ ತೊಡೆಯ ಮೇಲಿತ್ತು, ಗುರುತಿಗೆ ಬಸ್ ಟಿಕೆಟ್ ಸಿಕ್ಕಿಸಿದ್ದಳು. ಎಲ್ಲಿಗೆ ಬಂತಮ್ಮ ಎಂದೆ. "ಹಸನ್ ಷಾ ಬಂದ ಸರ್," ಎಂದಳು, "ಮುಂದೆ ಅವ್ನು ಮತ್ತೆ ಬರ್ತಾನಾ?"